ನದಿಗೆ ಬಿದ್ದ ವೀರನನ್ನು ಲಾಟ್ವಿಯಾ ತಲೆ ಮೇಲೆ ಹೊತ್ತುಕೊಂಡಿದ್ದು ಯಾಕೆ?

ಹಳೇಪುಸ್ತಕ

ಇಲ್ಲಿ ಫಿನ್ಲೆಂಡಿನ ಮಹಾಕಾವ್ಯ ಕಲೇವಾಲದ ಬಗ್ಗೆ ಆಗಾಗ ಮಾತು ಬರುತ್ತದೆ. ಅಲ್ಲಿಂದ ದಕ್ಷಿಣಕ್ಕೆ, ಬಾಲ್ಟಿಕ್ ಸಮುದ್ರದ ಈಚೆ ದಡದಲ್ಲಿ ಹುಟ್ಟಿದ ‘ಲಾಚ್‌ಪ್ಲೇಸಿಸ್’ ಬಗ್ಗೆ ಯಾರೂ ಬರೆದದ್ದು ಕಾಣಲಿಲ್ಲ. ಅದಕ್ಕೇ ಈ ಎಳೆ ಶುರು ಮಾಡುತ್ತಿದ್ದೇನೆ.

ಇದು ಲಾಟ್ವಿಯಾದ ರಾಷ್ಟ್ರೀಯ ಮಹಾಕಾವ್ಯ. ಬರೆದವರು ಆಂದ್ರೇಯ್ಸ್ ಪುಂಪುರ್ಸ್. 1888ರಲ್ಲಿ ರೀಗಾದಲ್ಲಿ ಅಚ್ಚಾಯಿತು. ಅದೇ ವರ್ಷ ಅಲ್ಲಿ ಲಾಟ್ವಿಯನ್ನರು ಒಟ್ಟಾಗಿ ಸೇರಿ ಹಾಡುವ ಮೂರನೇ ಹಾಡುಹಬ್ಬ ನಡೆಯಿತು. ಒಟ್ಟು ಆರು ಸರ್ಗಗಳು. ಲಾಚ್‌ಪ್ಲೇಸಿಸ್ ಅಂದರೆ ಕರಡಿಯನ್ನು ಸೀಳಿದವನು.

ಕಥೆಯ ಕಾಲ 1200ರ ಆಸುಪಾಸು. ಜರ್ಮನ್ ಪಾದ್ರಿಗಳು, ಅವರ ಬೆನ್ನಿಗೇ ಕತ್ತಿ ಹಿಡಿದ ನೈಟ್‌ಗಳು ದೌಗವಾ ನದಿ ಸಮುದ್ರ ಸೇರುವ ಕಡೆ ಬಂದು ಇಳಿಯುತ್ತಿದ್ದರು. ಬಿಷಪ್ ಆಲ್ಬರ್ಟ್ ರೀಗಾ ಕಟ್ಟಿದ್ದು 1201ರಲ್ಲಿ. ಅದೇ ನದಿಯ ಮೇಲ್ಭಾಗದಲ್ಲಿ ಲಿಯೆಲ್‌ವಾರ್ದೆ ಅಂತ ಒಂದು ಕೋಟೆ. ಆ ಕೋಟೆಯ ಒಡೆಯನಿಗೆ ಒಬ್ಬ ಸಾಕುಮಗ. ಕಾಡಿನಲ್ಲಿ ಹೆಣ್ಣು ಕರಡಿಯ ಹಾಲು ಕುಡಿಯುತ್ತಾ ಸಿಕ್ಕ ಮಗು. ದೊಡ್ಡವನಾದ ಮೇಲೆ ಒಂದು ದಿನ ಅಪ್ಪನ ಜೊತೆ ಕಾಡಿಗೆ ಹೋದಾಗ ಅಪ್ಪನ ಮೇಲೆ ಕರಡಿ ಎರಗುತ್ತದೆ. ಹುಡುಗ ಬರಿಗೈಯಲ್ಲಿ ಅದರ ದವಡೆ ಹಿಡಿದು ಸೀಳಿ ಹಾಕುತ್ತಾನೆ. ಹೆಸರು ಬಂದದ್ದು ಹಾಗೆ.

ಆಮೇಲೆ ವಿದ್ಯೆ ಕಲಿಯಲು ಬುರ್ತ್ನಿಯೆಕ್ಸ್ ಕೋಟೆಗೆ ಹೊರಡುತ್ತಾನೆ. ದಾರಿಯಲ್ಲಿ ಸ್ಪೀದಲಾ ಎಂಬ ಮಾಟಗಾತಿ. ಅವಳು ಪ್ರತಿ ರಾತ್ರಿ ಟೊಳ್ಳು ಮರದ ದಿಮ್ಮಿಯಲ್ಲಿ ಕೂತು ಹಾರಿಹೋಗುವುದನ್ನು ನೋಡಿ, ಇವನೂ ಆ ದಿಮ್ಮಿಯೊಳಗೆ ಅಡಗಿ ಕೂರುತ್ತಾನೆ. ದೆವ್ವದ ಹೊಂಡಕ್ಕೆ ಹೋಗಿ ಅಲ್ಲಿನ ವ್ಯವಹಾರವನ್ನೆಲ್ಲ ಕಣ್ಣಾರೆ ನೋಡುತ್ತಾನೆ. ಊರಿನವರು ದೊಡ್ಡ ಸಾಧು ಅಂತ ಕೈಮುಗಿಯುವ ಕಂಗರ್ಸ್ ಅಲ್ಲಿ ದೆವ್ವದ ಕಾಲಿಗೆ ಬಿದ್ದು, ನಾಡನ್ನು ಹೊರಗಿನವರಿಗೆ ಒಪ್ಪಿಸುತ್ತೇನೆ ಅಂತ ಮಾತು ಕೊಡುತ್ತಿದ್ದಾನೆ! ಗುಟ್ಟು ತಿಳಿದವನನ್ನು ಸ್ಪೀದಲಾ ಸುಮ್ಮನೆ ಬಿಡುತ್ತಾಳೆಯೇ? ವಾಪಸ್ ಬರುವಾಗ ದೌಗವಾ ಸುಳಿಗೆ ತಳ್ಳುತ್ತಾಳೆ. ಸ್ತಾಬುರಗ್ಸ್ ಬಂಡೆಯ ಕೆಳಗೆ, ನೀರಿನೊಳಗೆ, ಸ್ಫಟಿಕದ ಅರಮನೆ. ಅಲ್ಲಿನ ಸ್ತಾಬುರಾದ್ಸೆ ದೇವಿ ಅವನನ್ನು ಉಳಿಸುತ್ತಾಳೆ. ಮುಂದೆ ಮದುವೆಯಾಗುವ ಲೈಮ್‌ದೋತಾ ಸಿಗುವುದೂ ಅಲ್ಲೇ.

ಮುಂದೆ ಎಸ್ಟೋನಿಯಾದ ದೈತ್ಯ ಕಲಾಪುಯಿಸಿಸ್ ಜೊತೆ ಯುದ್ಧ, ಆಮೇಲೆ ಅವನ ಜೊತೆಗೇ ಸ್ನೇಹ. ಸರೋವರದಲ್ಲಿ ಮುಳುಗಿದ್ದ ಹಳೇ ಕೋಟೆಯಲ್ಲಿ ಒಂದು ರಾತ್ರಿ ದೆವ್ವಗಳ ಕಾಟ ತಡೆದುಕೊಂಡು ಮಲಗುತ್ತಾನೆ, ಕೋಟೆ ನೀರಿನಿಂದ ಮೇಲೆ ಬರುತ್ತದೆ. ಉತ್ತರ ಸಮುದ್ರದಲ್ಲಿ ಅಲೆದಾಟ, ಮಾಯಾದ್ವೀಪಗಳು. ಎಲ್ಲ ಮುಗಿಸಿ ಊರಿಗೆ ಬಂದು ಮದುವೆಯಾಗುತ್ತಾನೆ.

ಇಷ್ಟು ಓದಿದವರು ಇನ್ನು ಶುಭಂ ಅಂದುಕೊಳ್ಳುತ್ತಾರೆ. ಆದರೆ ಕಂಗರ್ಸ್ ಇವನ ಬಲದ ಗುಟ್ಟು ಪತ್ತೆ ಮಾಡಿರುತ್ತಾನೆ. ಇವನಿಗೆ ಇರುವುದು ಕರಡಿಯ ಕಿವಿ, ಶಕ್ತಿ ಇರುವುದು ಅದರಲ್ಲಿ. ಜರ್ಮನ್ನರು ಸ್ನೇಹದ ವೇಷ ಹಾಕಿ ಲಿಯೆಲ್‌ವಾರ್ದೆಗೆ ಬರುತ್ತಾರೆ. ಜೊತೆಯಲ್ಲಿ ಒಬ್ಬ ಕಪ್ಪು ನೈಟ್. ಆಟದ ಕಾಳಗ ಅಂತ ಶುರುವಾದದ್ದು ನಿಜದ ಕಾಳಗವಾಗುತ್ತದೆ. ನೈಟ್ ಇವನ ಕಿವಿಗಳನ್ನು ಕತ್ತರಿಸುತ್ತಾನೆ. ಇಬ್ಬರೂ ಕಚ್ಚಾಡುತ್ತಾ ಕಡಿದಾದ ದಡದಿಂದ ದೌಗವಾಕ್ಕೆ ಬೀಳುತ್ತಾರೆ. ಇಬ್ಬರೂ ಮುಳುಗುತ್ತಾರೆ. ಆ ಹೊತ್ತಿಗೇ ಲೈಮ್‌ದೋತಾಳ ಪ್ರಾಣವೂ ಹೋಗುತ್ತದೆ.

ಕಡೆಯ ಸಾಲುಗಳಲ್ಲಿ ಪುಂಪುರ್ಸ್ ಒಂದು ಎಳೆ ಬಿಟ್ಟಿದ್ದಾರೆ. ಈಗಲೂ ನಡುರಾತ್ರಿ ದೌಗವಾದಲ್ಲಿ ಹೋಗುವ ದೋಣಿಯವರಿಗೆ ಎರಡು ನೆರಳು ಕುಸ್ತಿ ಆಡುವುದು ಕಾಣುತ್ತದಂತೆ. ಒಂದಲ್ಲ ಒಂದು ದಿನ ಲಾಚ್‌ಪ್ಲೇಸಿಸ್ ಶತ್ರುವನ್ನು ಒಬ್ಬನನ್ನೇ ಆಳಕ್ಕೆ ತಳ್ಳುತ್ತಾನೆ, ಆಗ ಜನ ಬಿಡುಗಡೆಯಾಗುತ್ತಾರೆ.

ನನ್ನ ವಾದ ಇಷ್ಟು: ಕಥೆ ಮುಗಿಯದೆ ಉಳಿದದ್ದೇ ಇದರ ಜೀವಾಳ. ಅವನು ಗೆದ್ದುಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಲಾಟ್ವಿಯಾ ಅವನನ್ನು ಮರೆತಿರುತ್ತಿತ್ತು. ಏನಂತೀರಿ?

ಬೈಟುಕಾಫಿ

ಕಿವಿ ಹೋದರೆ ಬಲ ಹೋಯಿತು ಅಂದ ತಕ್ಷಣ ನನಗೆ ನೆನಪಾಗಿದ್ದು ಕರ್ಣ. ಅವನದೂ ಕಿವಿಯ ವಿಷಯವೇ ಅಲ್ವಾ! ಆದರೆ ಅವನು ಕೇಳಿದವನಿಗೆ ತಾನೇ ಕಳಚಿ ಕೊಟ್ಟ. ಇಲ್ಲಿ ಕತ್ತರಿಸಿಕೊಂಡು ಹೋದರು.

ಒಂದು ಅನುಮಾನ. ಕರಡಿ ಹಾಲು ಕುಡಿದವನಿಗೆ ಕರಡಿ ಕಿವಿ ಹೇಗೆ ಬಂತು? ಹಾಲು ಕುಡಿದರೆ ಕಿವಿ ಬದಲಾಗುತ್ತದಾ?

ಹಳೇಪುಸ್ತಕ

ಒಳ್ಳೇ ಪ್ರಶ್ನೆ. ಅವನ ಹೆತ್ತ ತಾಯಿಯೇ ಕರಡಿ ಅನ್ನುವುದು ಕಡೆಯಲ್ಲಿ ಬಯಲಾಗುತ್ತದೆ. ಗಂಡು ಮನುಷ್ಯ, ಹೆಣ್ಣು ಕರಡಿ, ಅವರಿಗೆ ಹುಟ್ಟಿದ ಮಗ. ಇದು ಪುಂಪುರ್ಸ್ ಹೊಸದಾಗಿ ಹುಟ್ಟಿಸಿದ ಸಂಗತಿಯಲ್ಲ. ಕರಡಿಗೆ ಹುಟ್ಟಿದ ಬಲಶಾಲಿ ಮಗನ ಕಥೆ ಯುರೋಪಿನಲ್ಲಿ ತುಂಬ ಕಡೆ ಇದೆ. ಲಾಟ್ವಿಯಾದ ಅಜ್ಜಿಕಥೆಗಳಲ್ಲಿ ಅವನಿಗೆ ‘ಕರಡಿ ಕಿವಿಯವನು’ ಅಂತಲೇ ಹೆಸರು. ಆ ಹಳ್ಳಿಯ ಪೈಲ್ವಾನನನ್ನು ಪುಂಪುರ್ಸ್ ಹಿಡಿದು ತಂದು ಇತಿಹಾಸದ ಯುದ್ಧದ ನಡುವೆ ನಿಲ್ಲಿಸಿದರು.

ಜಾನಪದ ಮೇಷ್ಟ್ರು

ಹಳೇಪುಸ್ತಕ ಅವರು ಕಥೆ ಚೆನ್ನಾಗಿ ಹೇಳಿದ್ದೀರಿ. ಆದರೆ ಒಂದು ಮಾತು ಬಿಟ್ಟಿದ್ದೀರಿ. ಇದನ್ನು ‘ಜನರ ಮಹಾಕಾವ್ಯ’ ಅಂತ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಜನ ಇದನ್ನು ಎಂದೂ ಹಾಡಿರಲಿಲ್ಲ.

ಲಾಟ್ವಿಯಾದ ಜನ ಹಾಡಿದ್ದು ದೈನಾಗಳನ್ನು. ಹೆಚ್ಚಾಗಿ ನಾಲ್ಕೇ ಸಾಲಿನ ಪುಟ್ಟ ಹಾಡುಗಳು. ಹುಟ್ಟು, ಮದುವೆ, ಸಾವು, ಬಿತ್ತನೆ, ಬಿಸಿಲು, ಕುದುರೆ, ಅನಾಥ ಹುಡುಗಿ ಎಲ್ಲದಕ್ಕೂ ಒಂದೊಂದು. ಕ್ರಿಶ್ಯಾನಿಸ್ ಬರೋನ್ಸ್ ಅವನ್ನು ಚೀಟಿಗಳಲ್ಲಿ ಬರೆದು, ವಿಂಗಡಿಸಿ, 1894ರಿಂದ 1915ರವರೆಗೆ ಸಂಪುಟ ಸಂಪುಟವಾಗಿ ಹೊರತಂದರು. ಎರಡು ಲಕ್ಷಕ್ಕೂ ಜಾಸ್ತಿ ಹಾಡುಗಳಿವೆ. ಆ ಚೀಟಿಗಳನ್ನು ಇಟ್ಟ ಮರದ ಕಪಾಟು 2001ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು. ಲಾಟ್ವಿಯಾದ ನಿಜವಾದ ಆಸ್ತಿ ಆ ಕಪಾಟು. ಅದರೊಳಗೆ ಉದ್ದದ ವೀರಕಥೆ ಇಲ್ಲ.

ಹಾಗಾದರೆ ಮಹಾಕಾವ್ಯ ಯಾಕೆ ಬೇಕಾಯಿತು? ಪಕ್ಕದ ಮನೆಯವರ ಹತ್ತಿರ ಇತ್ತು, ಅದಕ್ಕೆ. ಫಿನ್ಲೆಂಡಿನಲ್ಲಿ ಲೋನ್‌ರೂತ್ 1835ರಲ್ಲಿ ಕಲೇವಾಲ ತಂದರು, 1849ರಲ್ಲಿ ಹಿಗ್ಗಿಸಿದರು. ಎಸ್ಟೋನಿಯಾದಲ್ಲಿ ಕ್ರೋಯಿಟ್ಸ್‌ವಾಲ್ಡ್ 1857ರಿಂದ 1861ರ ನಡುವೆ ಕಲೇವಿಪೋಯೆಗ್ ಪ್ರಕಟಿಸಿದರು. ಲೋನ್‌ರೂತ್ ಹಳ್ಳಿಗರು ಹಾಡಿದ ಹಾಡುಗಳನ್ನೇ ಜೋಡಿಸಿದರು. ಕ್ರೋಯಿಟ್ಸ್‌ವಾಲ್ಡ್ ಗದ್ಯದ ಕಥೆಗಳನ್ನು ಎತ್ತಿಕೊಂಡು ಸಾಕಷ್ಟನ್ನು ತಾವೇ ಪದ್ಯ ಮಾಡಿದರು. ಪುಂಪುರ್ಸ್ ಅವರಿಗಿಂತ ಮುಂದೆ ಹೋದರು, ಹೆಚ್ಚುಕಡಿಮೆ ಪೂರ್ತಿ ಅವರ ಸ್ವಂತ ಕಟ್ಟಡವೇ. ಕಾವ್ಯದ ಮೊದಲಲ್ಲಿ ಗುಡುಗಿನ ದೇವರು ಪೇರ್ಕೊನ್ಸ್ ಮನೆಯಲ್ಲಿ ದೇವತೆಗಳ ಸಭೆ ಸೇರುತ್ತದಲ್ಲ, ಅದು ಗ್ರೀಕರ ಒಲಿಂಪಸ್ ನೋಡಿ ಹೊಲಿದ ಅಂಗಿ.

ಬಾಯಿಯಲ್ಲಿ ಬದುಕಿರುವ ಮಹಾಕಾವ್ಯ ಹೇಗಿರುತ್ತದೆ ಅಂತ ನಮಗೆ ಹೊರಗಿನವರು ಹೇಳಬೇಕಾಗಿಲ್ಲ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೋ ಅದನ್ನು ನೋಡಲೆಂದೇ ತುಳುನಾಡಿಗೆ ಬಂದರು. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ವಿವೇಕ ರೈ, ಚಿನ್ನಪ್ಪ ಗೌಡ ಅವರ ಜೊತೆ ಸೇರಿ ಬರೆದಿಟ್ಟರು. 15,683 ಸಾಲು. ಪ್ರಕಟವಾದದ್ದು 1998ರಲ್ಲಿ. ಕಲೇವಾಲದ ನಾಡಿನವರು ಮಹಾಕಾವ್ಯ ಹುಟ್ಟುವ ಬಗೆ ಅರಿಯಲು ದಕ್ಷಿಣ ಕನ್ನಡಕ್ಕೆ ಬರಬೇಕಾಯಿತು, ನೋಡಿ.

ಹಳೇಪುಸ್ತಕ

ಮೇಷ್ಟ್ರೇ, ಸಿರಿಯ ಪಕ್ಕ ನಿಲ್ಲಿಸಿದರೆ ಇದು ಜಾನಪದ ಕಾವ್ಯವಲ್ಲ, ಒಪ್ಪಿದೆ. ಆದರೆ ಪುಸ್ತಕ ಹೇಗೆ ಹುಟ್ಟಿತು ಅನ್ನುವುದರ ಜೊತೆಗೆ ಆಮೇಲೆ ಅದಕ್ಕೆ ಏನಾಯಿತು ಅಂತಲೂ ನೋಡಬೇಕು. ಒಬ್ಬರು ಬರೆದ ಕಾವ್ಯವನ್ನು ಜನ ಮೂವತ್ತು ವರ್ಷದೊಳಗೆ ತಮ್ಮದು ಮಾಡಿಕೊಂಡರು. ಅದೂ ಒಂದು ಬಗೆಯ ಜಾನಪದವೇ ಅಲ್ಲವೇ?

ಖಾರಾಮಂಡಕ್ಕಿ

ಎಲ್ಲರೂ ಭಕ್ತಿಯಿಂದ ಮಾತಾಡುತ್ತಿದ್ದೀರಿ, ನಾನು ಸ್ವಲ್ಪ ಖಾರ ಹಾಕುತ್ತೇನೆ.

ಈ ಪುಂಪುರ್ಸ್ ಯಾರು? ರಷ್ಯಾದ ತ್ಸಾರನ ಸೇನೆಯಲ್ಲಿ ಅಧಿಕಾರಿ. 1876ರಲ್ಲಿ ಸರ್ಬಿಯಾಗೆ ಹೋಗಿ ತುರ್ಕರ ವಿರುದ್ಧ ಸ್ವಯಂಸೇವಕನಾಗಿ ಹೋರಾಡಿದವರು. ಆಮೇಲೆ ಸಾಯುವವರೆಗೂ ಅದೇ ಸೇನೆಯ ಸಂಬಳ. ಆಗ ಲಾಟ್ವಿಯಾವನ್ನು ಆಳುತ್ತಿದ್ದದ್ದು ಯಾರು? ರಷ್ಯಾ. ಕಾವ್ಯದಲ್ಲಿ ಖಳರು ಯಾರು? ಜರ್ಮನ್ನರು. 1880ರ ದಶಕದಲ್ಲಿ ತ್ಸಾರನಿಗೂ ಬಾಲ್ಟಿಕ್ ಜರ್ಮನ್ನರ ಪಾರುಪತ್ಯ ಕಡಿಮೆ ಮಾಡಿ ಎಲ್ಲ ರಷ್ಯಾಮಯ ಮಾಡಬೇಕಿತ್ತು. ಏಳುನೂರು ವರ್ಷ ಹಿಂದಿನ ಜರ್ಮನ್ ನೈಟ್‌ನನ್ನು ಬೈದರೆ ದೊರೆಗೆ ಯಾವ ನೋವೂ ಇಲ್ಲ. ಇದು ಸುರಕ್ಷಿತ ವೀರತನ.

ಹಳೇಪುಸ್ತಕ

ಖಾರ ಚೆನ್ನಾಗಿದೆ. ಅರ್ಧ ಒಪ್ಪುತ್ತೇನೆ.

ಆದರೆ ಲಾಟ್ವಿಯಾದ ರೈತನ ಕಣ್ಣಿಂದ ನೋಡಿ. ಅವನಿಗೆ ತ್ಸಾರ್ ಎಲ್ಲೋ ಪೀಟರ್ಸ್‌ಬರ್ಗಿನಲ್ಲಿ. ದಿನ ಬೆಳಗಾದರೆ ಎದುರಿಗೆ ನಿಲ್ಲುವವನು ಜರ್ಮನ್ ಜಮೀನ್ದಾರ. ಜಮೀನು, ಚರ್ಚು, ನ್ಯಾಯ ಎಲ್ಲ ಅವನ ಕೈಯಲ್ಲಿ. ಜೀತ ರದ್ದಾಗಿದ್ದು ಕುರ್ಜೆಮೆ ಪ್ರಾಂತ್ಯದಲ್ಲಿ 1817ಕ್ಕೆ, ವಿದ್ಜೆಮೆ ಪ್ರಾಂತ್ಯದಲ್ಲಿ 1819ಕ್ಕೆ. ಜೀತ ಹೋಯಿತು, ಜಮೀನು ಮಾತ್ರ ಒಡೆಯರ ಹತ್ತಿರವೇ ಉಳಿಯಿತು. ಓದಿ ಮೇಲೆ ಬಂದ ರೈತನ ಮಗ ಜರ್ಮನ್ ಆಗಿಬಿಡುತ್ತಿದ್ದ, ಅದೇ ಆಗ ಮರ್ಯಾದೆ. ‘ನಾನು ಲಾಟ್ವಿಯನ್ನನೇ’ ಅಂತ ಹೇಳಿಕೊಂಡ ಮೊದಲ ಗುಂಪು ಕ್ರಿಶ್ಯಾನಿಸ್ ವಾಲ್ದೆಮಾರ್ಸ್ ಮತ್ತು ಗೆಳೆಯರದು. ಪುಂಪುರ್ಸ್ ಆ ಅಲೆಯಲ್ಲಿ ಬೆಳೆದವರು. 1841ರಲ್ಲಿ ದೌಗವಾ ಸೀಮೆಯ ಬಡ ಮನೆಯಲ್ಲಿ ಹುಟ್ಟಿದವರು. ಪ್ಯಾರಿಷ್ ಶಾಲೆ ಮುಗಿಸಿದ ಮೇಲೆ ಓದಿಸಲು ದುಡ್ಡಿರಲಿಲ್ಲ. ಅಂಥವರಿಗೆ ಸೇನೆ ಒಂದು ಹೊಟ್ಟೆಪಾಡು.

ಇನ್ನೊಂದು ವಿಷಯ. ಕಾವ್ಯ ಕ್ರಿಸ್ತನ ವಿರುದ್ಧ ಮಾತಾಡುವುದಿಲ್ಲ. ಆ ದೇವತೆಗಳ ಸಭೆಯಲ್ಲಿ ಪೇರ್ಕೊನ್ಸ್‌ಗೆ ಸಿಟ್ಟು ಬರುವುದು ಧರ್ಮದ ಹೆಸರು ಹೇಳಿಕೊಂಡು ನೆಲ ನುಂಗಲು ಬರುವವರ ಮೇಲೆ.

ರೀಗಾ ರೂಮ್‌ಮೇಟ್

ನಮಸ್ಕಾರ ಎಲ್ಲರಿಗೂ. ನಾನು ದಾವಣಗೆರೆಯವನು, ಇಲ್ಲಿ ರೀಗಾದಲ್ಲಿ ಓದುತ್ತಿದ್ದೇನೆ. ಕಾವ್ಯ ಓದಿಲ್ಲ. ಆದರೆ ಈ ಮನುಷ್ಯನಿಂದ ತಪ್ಪಿಸಿಕೊಳ್ಳಲು ಇಲ್ಲಿ ಸಾಧ್ಯವೇ ಇಲ್ಲ! ಊರ ನಡುವೆ ಲಾಚ್‌ಪ್ಲೇಸಿಸ್ ಬೀದಿ. ಅವನ ಹೆಸರಿನ ಬಿಯರ್ ಅಂಗಡಿಯಲ್ಲಿ ಸಿಗುತ್ತದೆ. ಸ್ವಾತಂತ್ರ್ಯ ಸ್ಮಾರಕದ ಬುಡದಲ್ಲಿ ಕಲ್ಲಿನ ಲಾಚ್‌ಪ್ಲೇಸಿಸ್ ಇದ್ದಾನೆ.

ನವೆಂಬರ್ 11 ಇಲ್ಲಿ ಲಾಚ್‌ಪ್ಲೇಸಿಸ್ ದಿನ. ಸಂಜೆ ಜನ ರೀಗಾ ಕೋಟೆಯ ಗೋಡೆ ಹತ್ತಿರ ಬಂದು ಮೇಣದ ದೀಪ ಇಟ್ಟು ಹೋಗುತ್ತಾರೆ. ಪುಟ್ಟ ಮಕ್ಕಳು, ಅಜ್ಜಂದಿರು, ಆಫೀಸು ಮುಗಿಸಿ ಬಂದವರು ಎಲ್ಲರೂ. ಗೋಡೆಯ ಉದ್ದಕ್ಕೂ ದೀಪ. ಭಾಷಣಕ್ಕಿಂತ ಜಾಸ್ತಿ ಸುಮ್ಮನೆ ನಿಂತಿರುವವರೇ ಕಾಣುತ್ತಾರೆ. ಅಂದಿನಿಂದ 18ನೇ ತಾರೀಖಿನ ಸ್ವಾತಂತ್ರ್ಯ ದಿನದವರೆಗೆ ಕೋಟಿನ ಮೇಲೆ ಧ್ವಜದ ಬಣ್ಣದ ರಿಬ್ಬನ್ ಚುಚ್ಚಿಕೊಂಡಿರುತ್ತಾರೆ. ನನ್ನ ಕ್ಲಾಸಿನ ಹುಡುಗಿ ನನಗೂ ಒಂದು ಕೊಟ್ಟಳು.

ಕಾವ್ಯದ ವೀರನಿಗೆ ಸೈನಿಕರ ದಿನ ಹೇಗೆ ಸಿಕ್ಕಿತು ಅಂತ ಯಾರಾದರೂ ಹೇಳಿ.

ಬೈಟುಕಾಫಿ

ಬಿಯರ್ ಹೇಗಿದೆ ಅಂತ ಹೇಳದೇ ಹೋದರೆ ಹೇಗೆ ಗುರು?

ರೀಗಾ ರೂಮ್‌ಮೇಟ್

ಪರವಾಗಿಲ್ಲ. ಕಿವಿ ಗಟ್ಟಿಯಾಗಿಯೇ ಇದೆ 😄

ಜಾನಪದ ಮೇಷ್ಟ್ರು

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ 1919ರಲ್ಲಿದೆ.

ಲಾಟ್ವಿಯಾ 1918ರ ನವೆಂಬರ್ 18ರಂದು ಸ್ವತಂತ್ರ ಅಂತ ಘೋಷಿಸಿಕೊಂಡಿತು. ಘೋಷಿಸಿದ ಮಾತ್ರಕ್ಕೆ ದೇಶ ಕೈಗೆ ಬರುತ್ತದೆಯೇ? ಒಂದು ಕಡೆ ಬೋಲ್ಶೆವಿಕರು, ಇನ್ನೊಂದು ಕಡೆ ಜರ್ಮನ್ ಪಡೆಗಳು. 1919ರ ಅಕ್ಟೋಬರಿನಲ್ಲಿ ಬೆರ್ಮೊಂಟ್ ಎಂಬವನ ಸೇನೆ ರೀಗಾ ಮೇಲೆ ಬಿತ್ತು. ಹೆಸರಿಗೆ ಪಶ್ಚಿಮ ರಷ್ಯಾದ ಸ್ವಯಂಸೇವಕ ಸೇನೆ, ಒಳಗೆ ಹೆಚ್ಚಿನವರು ಜರ್ಮನ್ ಸೈನಿಕರು. ಅವರು ದೌಗವಾದ ಎಡದಂಡೆ ಹಿಡಿದರು. ಲಾಟ್ವಿಯನ್ನರು ಬಲದಂಡೆಯಲ್ಲಿ. ನಡುವೆ ನದಿ. ಒಂದು ತಿಂಗಳು ಸೇತುವೆಗಳ ಮೇಲೆ, ನೀರಿನ ಅಡ್ಡಕ್ಕೆ ಗುಂಡಿನ ಕಾಳಗ. ಬ್ರಿಟಿಷರ ಯುದ್ಧನೌಕೆಗಳ ತೋಪೂ ನೆರವಿಗೆ ಬಂತು. ನವೆಂಬರ್ 11ರಂದು ಎಡದಂಡೆ ಬಿಡುಗಡೆಯಾಯಿತು.

ಈಗ ಕಾವ್ಯದ ಕೊನೆ ನೆನಪಿಸಿಕೊಳ್ಳಿ. ಅದೇ ದೌಗವಾ, ಎದುರಿಗೆ ಅದೇ ಜರ್ಮನ್ ನೈಟ್. ಪುಸ್ತಕ ಓದಿ ಬೆಳೆದ ಆ ಪೀಳಿಗೆಗೆ ಬೇರೆ ಹೆಸರು ಹುಡುಕುವ ಕೆಲಸವೇ ಇರಲಿಲ್ಲ. 1920ರಲ್ಲಿ ದೇಶದ ಅತ್ಯುನ್ನತ ಸೇನಾ ಗೌರವ ಶುರುವಾದಾಗ ಅದಕ್ಕೆ ಲಾಚ್‌ಪ್ಲೇಸಿಸ್ ಪದಕ ಅಂತಲೇ ಹೆಸರಿಟ್ಟರು. ಮೇಲೆ ‘ಲಾಟ್ವಿಯಾಗಾಗಿ’ ಎಂಬ ಮಾತು. ಎರಡು ಸಾವಿರಕ್ಕೂ ಜಾಸ್ತಿ ಜನಕ್ಕೆ ಸಿಕ್ಕಿತು. 1940ರಲ್ಲಿ ಸೋವಿಯತ್ ಬಂದ ಮೇಲೆ ಅದೇ ಪದಕ ಅವರಲ್ಲಿ ಹಲವರಿಗೆ ಮುಳುವಾಯಿತು. ಜೈಲು, ಗಡೀಪಾರು, ಗುಂಡು.

ಖಾರಾಮಂಡಕ್ಕಿ

ನೋಡಿ, ನಾನು ಹೇಳಿದ್ದೂ ಅದೇ. ಕವಿತೆಯನ್ನು ಸರ್ಕಾರ ಪದಕ ಮಾಡಿತು. ಆಮೇಲೆ ಕವಿತೆ ಓದುವವರು ಕಡಿಮೆ, ಸಲ್ಯೂಟ್ ಹೊಡೆಯುವವರು ಜಾಸ್ತಿ.

ಮಲೆನಾಡ ಸೊಸೆ

ಗಂಡಸರೆಲ್ಲ ಕುಸ್ತಿ, ಪದಕ, ಬಿಯರ್ ಅಂತ ಕೂತಿದ್ದೀರಿ. ಸ್ಪೀದಲಾ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಈ ಕಥೆಯಲ್ಲಿ ನಿಜವಾಗಿ ಜೀವ ಇರುವವಳು ಅವಳೊಬ್ಬಳೇ.

ಪುಂಪುರ್ಸ್ ಕಾವ್ಯದಲ್ಲೇ ಅವಳು ಬದಲಾಗುತ್ತಾಳೆ. ದೆವ್ವದ ಜೊತೆ ಮಾಡಿಕೊಂಡ ಒಪ್ಪಂದದಿಂದ ಲಾಚ್‌ಪ್ಲೇಸಿಸ್ ಅವಳನ್ನು ಬಿಡಿಸುತ್ತಾನೆ. ಕಡೆಗೆ ಅವನ ಗೆಳೆಯ ಕೋಕ್ನೇಸಿಸ್‌ನನ್ನು ಮದುವೆಯಾಗುತ್ತಾಳೆ. ಮಾಟಗಾತಿಗೆ ಒಂದು ಸಂಸಾರ ಕಟ್ಟಿಕೊಟ್ಟು ಕವಿ ಕೈ ತೊಳೆದುಕೊಂಡರು ಅಂತ ಮೊದಲು ಓದಿದಾಗ ಸಿಟ್ಟು ಬಂದಿತ್ತು.

ಆಮೇಲೆ ರೈನಿಸ್ ಬಂದರು. ಲಾಟ್ವಿಯಾದ ಅತಿ ದೊಡ್ಡ ಕವಿ, ನಾಟಕಕಾರ. ‘ಬೆಂಕಿ ಮತ್ತು ರಾತ್ರಿ’ ಅಂತ ನಾಟಕ ಬರೆದರು, 1905ರಲ್ಲಿ ಪುಸ್ತಕವಾಯಿತು. ಹಳೇ ಹಾಡು ಹೊಸ ದನಿಯಲ್ಲಿ ಅಂತ ಅವರೇ ಅದರ ಕೆಳಗೆ ಬರೆದುಕೊಂಡಿದ್ದಾರೆ. ಅದರಲ್ಲಿ ಅವಳು ಸ್ಪೀದೋಲಾ. ಬೆಂಕಿಯಂಥ ಹೆಣ್ಣು. ಒಳ್ಳೆಯವಳೂ ಅಲ್ಲ, ಕೆಟ್ಟವಳೂ ಅಲ್ಲ. ಲಾಚ್‌ಪ್ಲೇಸಿಸ್‌ಗೆ ಬಲ ಇದೆ, ಬುದ್ಧಿ ಸ್ವಲ್ಪ ನಿಧಾನ. ಅವನಿಗೆ ಸ್ಪೀದೋಲಾ ಮತ್ತೆ ಮತ್ತೆ ಹೇಳುವುದು ಒಂದೇ. ನಿಂತಲ್ಲೇ ನಿಲ್ಲಬೇಡ, ಬದಲಾಗು, ಬದಲಾಗುತ್ತಾ ಮೇಲೇರು. ಲೈಮ್‌ದೋತಾ ನಾಡು, ನೆನಪು, ನೆಮ್ಮದಿ. ಸ್ಪೀದೋಲಾ ನಾಳೆ. ಕೊನೆಯಲ್ಲಿ ಅವನು ನದಿಗೆ ಬಿದ್ದಾಗಲೂ ಹೋರಾಟ ಮುಗಿದಿಲ್ಲ, ನಾನು ಬರುತ್ತೇನೆ ಅನ್ನುವವಳು ಅವಳೇ.

1905 ಅಂದರೆ ತ್ಸಾರನ ವಿರುದ್ಧ ಕ್ರಾಂತಿ ಎದ್ದ ವರ್ಷ. ರೈನಿಸ್ ಅದರಲ್ಲಿ ಮುಂದೆ ನಿಂತವರು. ಹೆಂಡತಿ ಆಸ್ಪಾಜಿಯಾ ಕೂಡ ದೊಡ್ಡ ಕವಯಿತ್ರಿ. ಇಬ್ಬರೂ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡಿಗೆ ಹೋಗಿ 1920ರವರೆಗೆ ಅಲ್ಲೇ ಇರಬೇಕಾಯಿತು. ನಾಟಕ 1911ರಲ್ಲಿ ರೀಗಾದಲ್ಲಿ ರಂಗಕ್ಕೆ ಬಂದಾಗ ಬರೆದವರು ಊರಲ್ಲಿರಲಿಲ್ಲ. ಖಾರಾಮಂಡಕ್ಕಿ ಅವರು ಹೇಳಿದ ‘ಸುರಕ್ಷಿತ ವೀರತನ’ ಇಲ್ಲಿ ನಿಲ್ಲುವುದಿಲ್ಲ. ರೈನಿಸ್ ಕಾಲಕ್ಕೆ ಕಪ್ಪು ನೈಟ್ ಅಂದರೆ ತ್ಸಾರನೂ ಹೌದು ಅಂತ ನೋಡುವವರಿಗೆ ಗೊತ್ತಿತ್ತು.

ಖಾರಾಮಂಡಕ್ಕಿ

ಅಕ್ಕಾ, ರೈನಿಸ್ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಪುಂಪುರ್ಸ್ ವಿಷಯದಲ್ಲಿ ಇಲ್ಲ.

ಕಾವೇರಿ ಕಟ್ಟೆ

ನನಗೆ ಸಾಹಿತ್ಯ ಅಷ್ಟು ಗೊತ್ತಿಲ್ಲ. ನೀರಾವರಿ ಇಲಾಖೆಯಲ್ಲಿ ಇದ್ದು ನಿವೃತ್ತಿಯಾದವನು. ಆದರೆ ಹಳೇಪುಸ್ತಕ ಅವರು ಬರೆದ ಸ್ತಾಬುರಗ್ಸ್ ಬಂಡೆಯ ಹೆಸರು ನೋಡಿ ಕಿವಿ ನೆಟ್ಟಗಾಯಿತು. ಆ ಬಂಡೆ ಈಗ ಕಾಣುವುದಿಲ್ಲ. ನಿಜವಾಗಿಯೂ ನೀರಿನ ಕೆಳಗೆ ಇದೆ.

ಅದು ಸುಣ್ಣದ ಬಂಡೆ. ಊಟೆಯ ನೀರು ಸದಾ ಜಿನುಗುತ್ತಿತ್ತು. ಗಂಡನನ್ನೋ ಪ್ರಿಯನನ್ನೋ ನದಿಯಲ್ಲಿ ಕಳೆದುಕೊಂಡ ಹೆಣ್ಣು ಅಳುತ್ತಾ ಕಲ್ಲಾದಳು ಅಂತ ಜನರ ಕಥೆ. ಸೋವಿಯತ್ ಕಾಲದಲ್ಲಿ ಪ್ಲಾವಿನ್ಯಾಸ್ ಜಲವಿದ್ಯುತ್ ಯೋಜನೆ ಬಂತು. 1950ರ ದಶಕದ ಕೊನೆಗೇ ಲಾಟ್ವಿಯಾದ ಬರಹಗಾರರು, ವಿಜ್ಞಾನಿಗಳು ವಿರೋಧ ಮಾಡಿದರು. ನಡೆಯಲಿಲ್ಲ. 1960ರ ದಶಕದ ಮಧ್ಯದಲ್ಲಿ ಜಲಾಶಯ ತುಂಬಿತು, ಬಂಡೆ ಮುಳುಗಿತು. ಕೋಕ್ನೆಸೆ ಕೋಟೆ ಎತ್ತರದ ದಿಬ್ಬದ ಮೇಲಿತ್ತು, ಈಗ ಅದರ ಹಾಳು ಗೋಡೆಯ ಬುಡಕ್ಕೇ ನೀರು ಬಡಿಯುತ್ತದೆ.

ಮುಂದಿನದು ಇನ್ನೂ ಸ್ವಾರಸ್ಯ. 1986ರಲ್ಲಿ ಅದೇ ದೌಗವಾ ಮೇಲೆ ದೌಗವ್‌ಪಿಲ್ಸ್ ಹತ್ತಿರ ಇನ್ನೊಂದು ಅಣೆಕಟ್ಟು ಕಟ್ಟಲು ಹೊರಟರು. ದೈನಿಸ್ ಈವಾನ್ಸ್, ಆರ್ತೂರ್ಸ್ ಸ್ನಿಪ್ಸ್ ಅಂತ ಇಬ್ಬರು ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಾಗದಗಳ ಮೇಲೆ ಕಾಗದ ಬಂದವು, ಸಾವಿರಗಟ್ಟಲೆ ಸಹಿ. 1987ರಲ್ಲಿ ಮಾಸ್ಕೋ ಯೋಜನೆ ಕೈಬಿಟ್ಟಿತು. ಸೋವಿಯತ್ ಆಡಳಿತ ಜನರ ಮಾತಿಗೆ ಬಗ್ಗಿತು ಅನ್ನುವುದೇ ಆಗ ನಂಬಲಾಗದ ಸುದ್ದಿ. ಮರುವರ್ಷ ಲಾಟ್ವಿಯಾದ ಜನತಾ ರಂಗ ಎಂಬ ರಾಜಕೀಯ ಚಳವಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ ಅದೇ ಈವಾನ್ಸ್.

ನಾನು ಅಣೆಕಟ್ಟಿನಲ್ಲೇ ಅನ್ನ ತಿಂದವನು, ಅಣೆಕಟ್ಟೇ ಬೇಡ ಅನ್ನುವವನಲ್ಲ. ಆದರೆ ಒಂದು ಯೋಜನೆಯ ಕಡತದಲ್ಲಿ ಮುಳುಗಡೆ ಎಕರೆ, ಮುಳುಗಡೆ ಮನೆ ಅಂತ ಕಾಲಂ ಇರುತ್ತವೆ. ಕಾವ್ಯದ ಒಂದು ಸರ್ಗ ಮುಳುಗಡೆ ಅಂತ ಕಾಲಂ ಎಲ್ಲೂ ಇರುವುದಿಲ್ಲ.

ಹಳೇಪುಸ್ತಕ

ಕಾವೇರಿ ಕಟ್ಟೆ ಸರ್, ಈ ಕೊಂಡಿ ನನಗೆ ಹೊಳೆದಿರಲೇ ಇಲ್ಲ. ತುಂಬ ಥ್ಯಾಂಕ್ಸ್.

ನೀವು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುತ್ತೇನೆ. ಸೋವಿಯತ್ ಕಾಲದಲ್ಲಿ ಲಾಚ್‌ಪ್ಲೇಸಿಸ್ ಗತಿ ವಿಚಿತ್ರ. ನವೆಂಬರ್ 11 ಆಚರಿಸುವ ಹಾಗಿಲ್ಲ. ಪದಕ ಮನೆಯಲ್ಲಿದ್ದರೆ ಮುಚ್ಚಿಡಬೇಕು. ಸ್ವಾತಂತ್ರ್ಯ ಸ್ಮಾರಕಕ್ಕೆ ಹೂವಿಟ್ಟರೆ ಸೈಬೀರಿಯಾ. ಅದಕ್ಕೇ ಜನ ಆ ಸ್ಮಾರಕವನ್ನು ‘ಟ್ರಾವೆಲ್ ಏಜೆನ್ಸಿ’ ಅಂತ ಗುಟ್ಟಾಗಿ ನಗುತ್ತಿದ್ದರಂತೆ, ಹೂವಿಟ್ಟರೆ ಟಿಕೆಟ್ ಉಚಿತ! 1935ರಲ್ಲಿ ನಿಂತ ಸ್ಮಾರಕ ಅದು, ಕಾರ್ಲಿಸ್ ಜಾಲೆ ಶಿಲ್ಪ, 42 ಮೀಟರ್ ಎತ್ತರ. ಜೆಲ್ಗವಾ ಊರಿನಲ್ಲಿದ್ದ ಲಾಚ್‌ಪ್ಲೇಸಿಸ್ ಪ್ರತಿಮೆ ಉಳಿಯಲಿಲ್ಲ, ಅದನ್ನು ಮತ್ತೆ ನಿಲ್ಲಿಸಿದ್ದು 1992ರಲ್ಲಿ.

ಆದರೆ ಕಾವ್ಯವನ್ನು ಬ್ಯಾನ್ ಮಾಡಲಿಲ್ಲ. ಶತ್ರು ಜರ್ಮನ್ ಆಗಿದ್ದದ್ದು ಇಲ್ಲೂ ನೆರವಾಯಿತು. ಖಾರಾಮಂಡಕ್ಕಿ ಅವರ ವಾದಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು. ಲಿಯೆಲ್‌ವಾರ್ದೆಯ ಸಾಮೂಹಿಕ ತೋಟಕ್ಕೂ ‘ಲಾಚ್‌ಪ್ಲೇಸಿಸ್’ ಅಂತಲೇ ಹೆಸರು. ನಮ್ಮ ರೀಗಾ ರೂಮ್‌ಮೇಟ್ ಕುಡಿದ ಬಿಯರಿನ ಮೂಲ ಆ ತೋಟದ ಬ್ರೂವರಿ. ಸೇನೆಯ ಪದಕ ಹೋಯಿತು, ಆಲೂಗಡ್ಡೆ ಹೊಲಕ್ಕೆ ಅದೇ ಹೆಸರು ಬಂತು.

1988ಕ್ಕೆ ಕಾವ್ಯಕ್ಕೆ ನೂರು ವರ್ಷ. ಆ ಆಗಸ್ಟ್‌ನಲ್ಲಿ ರೀಗಾದ ಕ್ರೀಡಾಂಗಣದಲ್ಲಿ ‘ಲಾಚ್‌ಪ್ಲೇಸಿಸ್’ ರಾಕ್ ಒಪೆರಾ ಶುರುವಾಯಿತು. ಸಂಗೀತ ಜಿಗ್ಮಾರ್ಸ್ ಲಿಯೆಪಿಂಶ್, ಸಾಹಿತ್ಯ ಮಾರಾ ಜಾಲೀತೆ. ಗಿಟಾರ್, ಡ್ರಮ್ಸ್, ಎಲೆಕ್ಟ್ರಿಕ್ ಬೆಳಕು. ಅದೇ ಹೊತ್ತಿಗೆ ಹೊರಗೆ ‘ಹಾಡುವ ಕ್ರಾಂತಿ’, ಅಂದರೆ ಜನ ಹಾಡುತ್ತಲೇ ಸೋವಿಯತ್ ಆಡಳಿತವನ್ನು ವಿರೋಧಿಸಿದ ಚಳವಳಿ. ಎರಡು ತಿಂಗಳಿಗೆ ಜನತಾ ರಂಗ. ಒಂದು ವರ್ಷಕ್ಕೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ದೇಶಗಳ ಜನ ಕೈಕೈ ಹಿಡಿದು ನಿಂತ ಮಾನವ ಸರಪಳಿ. 1991ಕ್ಕೆ ಸ್ವಾತಂತ್ರ್ಯ. ಟಿಕೆಟ್ ಕೊಂಡು ಒಳಗೆ ಕೂತವರಿಗೆ ಕಪ್ಪು ನೈಟ್ ಯಾರು ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಈ ಸಲ ಅವನು ಜರ್ಮನ್ ಅಲ್ಲ.

ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1905ರಲ್ಲಿ ತ್ಸಾರ್, 1919ರಲ್ಲಿ ಬೆರ್ಮೊಂಟ್, 1988ರಲ್ಲಿ ಮಾಸ್ಕೋ. ನದಿಯಲ್ಲಿ ಕುಸ್ತಿ ನಿಂತಿಲ್ಲವಾದ್ದರಿಂದ ಎದುರಾಳಿಯ ಮುಖ ಬದಲಾಯಿಸಲು ಸಾಧ್ಯವಾಯಿತು.

ಜಾನಪದ ಮೇಷ್ಟ್ರು

ಇದಕ್ಕೆ ಒಂದು ಸೇರಿಸಲೇಬೇಕು. ಇದು ಲಾಚ್‌ಪ್ಲೇಸಿಸ್ ಒಬ್ಬನ ಗುಣವಲ್ಲ. ಕಲೇವಾಲದ ಕೊನೆಯಲ್ಲಿ ಅದರ ನಾಯಕ ವೈನಾಮೊಯಿನನ್ ತನ್ನ ವಾದ್ಯ ಬಿಟ್ಟು ದೋಣಿಯಲ್ಲಿ ಹೊರಟು ಹೋಗುತ್ತಾನೆ, ಮತ್ತೆ ನಾನು ಬೇಕಾಗುತ್ತೇನೆ ಅನ್ನುತ್ತಾನೆ. ಎಸ್ಟೋನಿಯಾದ ಕಾವ್ಯದ ನಾಯಕ ಕಲೇವಿಪೋಯೆಗ್‌ನ ಕಾಲುಗಳನ್ನು ಅವನದೇ ಕತ್ತಿ ಕತ್ತರಿಸುತ್ತದೆ, ಅವನು ನರಕದ ಬಾಗಿಲಲ್ಲಿ ಕೈ ಬಂಡೆಗೆ ಸಿಕ್ಕಿಕೊಂಡು ಕಾವಲು ಕೂತಿದ್ದಾನೆ, ಒಂದು ದಿನ ಬಿಡಿಸಿಕೊಂಡು ಬರುತ್ತಾನೆ. ಮೂರೂ ಕಾವ್ಯಗಳು ಬಂದಾಗ ಮೂರು ನಾಡುಗಳೂ ಒಂದೇ ಸಾಮ್ರಾಜ್ಯದ ಕೆಳಗೆ ಇದ್ದವು. ಆ ಸ್ಥಿತಿಯಲ್ಲಿ ವೀರನನ್ನು ಗೆಲ್ಲಿಸಿ ಬರೆದರೆ ಓದುಗ ನಂಬುವುದಿಲ್ಲ, ಸೋಲಿಸಿ ಬರೆದರೆ ಕ್ಷಮಿಸುವುದಿಲ್ಲ. ಕವಿಗೆ ಉಳಿದದ್ದು ಇದೊಂದೇ ದಾರಿ.

ಆ ಮುಳುಗಿದ ಕೋಟೆಯನ್ನೂ ಮರೆಯಬೇಡಿ. ಪುಂಪುರ್ಸ್‌ಗಿಂತ ಮೊದಲೇ ಕವಿ ಔಸೆಕ್ಲಿಸ್ ‘ಬೆಳಕಿನ ಕೋಟೆ’ ಅಂತ ಅದೇ ಬಗೆಯ ಪದ್ಯ ಬರೆದಿದ್ದರು. ಮುಳುಗಿದ ಕೋಟೆಯ ಹೆಸರು ಯಾರಾದರೂ ಊಹಿಸಿ ಹೇಳಿದರೆ ಅದು ಮೇಲೆ ಬರುತ್ತದೆ. ಯಾಜೆಪ್ಸ್ ವೀತೊಲ್ಸ್ 1899ರಲ್ಲಿ ಅದಕ್ಕೆ ರಾಗ ಹಾಕಿದರು. 1985ರ ಹಾಡುಹಬ್ಬದಲ್ಲಿ ಆ ಹಾಡನ್ನು ಕಾರ್ಯಕ್ರಮದಿಂದ ಕೈಬಿಟ್ಟಿದ್ದರು. ಜನ ಬಿಡಲಿಲ್ಲ, ಹಾಡಿಸಿಯೇ ತೀರಿದರು. 2014ರಲ್ಲಿ ದೌಗವಾ ದಡದಲ್ಲಿ ರಾಷ್ಟ್ರೀಯ ಗ್ರಂಥಾಲಯದ ಹೊಸ ಕಟ್ಟಡ ತೆರೆದಾಗ ಜನ ಅದನ್ನು ಕರೆದದ್ದು ಬೆಳಕಿನ ಕೋಟೆ ಅಂತಲೇ.

ರೀಗಾ ರೂಮ್‌ಮೇಟ್

ಓಹ್, ನಾನು ಪರೀಕ್ಷೆಗೆ ಓದಲು ಹೋಗುವುದು ಅಲ್ಲಿಗೇ! ಗಾಜಿನ ಬೆಟ್ಟದ ಹಾಗೆ ಇದೆ. ಹಳೇ ಕಟ್ಟಡದಿಂದ ಪುಸ್ತಕಗಳನ್ನು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ತಂದರಂತೆ, ಜನವರಿ ಚಳಿಯಲ್ಲಿ.

ಖಾರಾಮಂಡಕ್ಕಿ

ನನ್ನದು ಒಂದೇ ತಕರಾರು ಉಳಿದಿದೆ. ಕಂಗರ್ಸ್. ನಾಡು ಸೋತದ್ದು ಯಾಕೆ ಅಂದರೆ ಒಬ್ಬ ದ್ರೋಹಿ ಇದ್ದ ಅನ್ನುವುದು ತುಂಬ ಸುಲಭದ ಉತ್ತರ. ನಿಜವಾದ ಇತಿಹಾಸದಲ್ಲಿ ಲೀವ್ ಎಂಬ ಸ್ಥಳೀಯ ಜನರ ಮುಖಂಡ ಕೌಪೋ ಇದ್ದ. ಮತಾಂತರವಾಗಿ, ಡೀಟ್ರಿಕ್ ಎಂಬ ಪಾದ್ರಿಯ ಜೊತೆ ರೋಮಿಗೆ ಹೋಗಿ ಪೋಪನನ್ನು ನೋಡಿ ಬಂದ. 1217ರಲ್ಲಿ ಎಸ್ಟೋನಿಯನ್ನರ ವಿರುದ್ಧದ ಕಾಳಗದಲ್ಲಿ ಜರ್ಮನ್ನರ ಪರವಾಗಿ ಸತ್ತ. ಅವನನ್ನು ದ್ರೋಹಿ ಅಂತಲೂ ಅನ್ನುತ್ತಾರೆ, ಕಾಲ ಅರಿತವನು ಅಂತಲೂ ಅನ್ನುತ್ತಾರೆ. ನಾನು ಕಾವ್ಯ ಬರೆದಿದ್ದರೆ ಅವನನ್ನೇ ನಾಯಕ ಮಾಡುತ್ತಿದ್ದೆ.

ಮಲೆನಾಡ ಸೊಸೆ

ಕೌಪೋ ಈ ಕಾವ್ಯದಲ್ಲೂ ಬರುತ್ತಾನಲ್ಲ. ರೋಮಿನ ವೈಭವ ನೋಡಿ ಮರುಳಾಗುತ್ತಾನೆ. ಪುಂಪುರ್ಸ್ ಅವನನ್ನು ಕಂಗರ್ಸ್ ಥರ ಕಪ್ಪು ಬಳಿಯಲಿಲ್ಲ, ಮೋಸ ಹೋದವನು ಅಂತ ತೋರಿಸಿದರು. ನೀವು ಬರೆಯಿರಿ, ನಾನು ಓದುತ್ತೇನೆ. ಆದರೆ ಸ್ಪೀದಲಾಗೆ ಒಂದು ಸರ್ಗ ಇರಲೇಬೇಕು.

ಬೈಟುಕಾಫಿ

ಮೊದಲು ಇರುವುದನ್ನು ಓದೋಣ. ಎಲ್ಲಿ ಸಿಗುತ್ತದೆ? ಆರು ಸರ್ಗ ಓದುವಷ್ಟು ತಾಳ್ಮೆ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಹಳೇಪುಸ್ತಕ

ಆರ್ಥರ್ ಕ್ರಾಪ್ಲಿ ಮಾಡಿದ ಇಂಗ್ಲಿಷ್ ಅನುವಾದ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಇದೆ. ಮೊದಲ ಎರಡು ಸರ್ಗ, ಮುಳುಗಿದ ಕೋಟೆಯ ರಾತ್ರಿ, ಆಮೇಲೆ ನೇರ ಕೊನೆಯ ಸರ್ಗ. ನಡುವಿನ ಸಮುದ್ರಯಾನ ನನಗೂ ಬೋರು ಹೊಡೆಸಿತು, ಬಿಟ್ಟರೆ ನಷ್ಟವಿಲ್ಲ. ಮೇಷ್ಟ್ರು ಬೈದರೂ ಪರವಾಗಿಲ್ಲ.

ಜಾನಪದ ಮೇಷ್ಟ್ರು

ಬೈಯುವುದಿಲ್ಲ. ನಾನೂ ಹಾರಿಸಿಯೇ ಓದಿದ್ದು.

ರೀಗಾ ರೂಮ್‌ಮೇಟ್

ರೀಗಾಕ್ಕೆ ಬರುವವರಿದ್ದರೆ ಲಿಯೆಲ್‌ವಾರ್ದೆಗೆ ಇಲ್ಲಿಂದ ಸೀದಾ ರೈಲಿದೆ. ಪುಂಪುರ್ಸ್ ಮ್ಯೂಸಿಯಂ ನದಿ ದಡದಲ್ಲೇ ಇದೆ. ಲಾಚ್‌ಪ್ಲೇಸಿಸ್ ಹಾಸಿಗೆ, ಹೊದಿಕೆ ಅಂತ ಎರಡು ದೊಡ್ಡ ಕಲ್ಲು ತೋರಿಸುತ್ತಾರಂತೆ. ಬರುವ ಭಾನುವಾರ ಹೋಗಿ ಫೋಟೋ ಹಾಕುತ್ತೇನೆ. ನವೆಂಬರಿಗೆ ಬರುವವರು ದಪ್ಪ ಜಾಕೆಟ್ ಮರೆಯಬೇಡಿ. ಟೋಪಿಯೂ ಇರಲಿ, ಕಿವಿ ಮುಚ್ಚುವಂಥದ್ದು.